ಐತನ ಕೈಯ ಗೊತ್ತುಜ್ಜಿ

ಪೊಲೀಸ್ ಕಾನ್‌ಸ್ಟೇಬಲ್ ಐತನ ಬಲಗೈಯಲ್ಲಿ ಹಚ್ಚೆ ಇತ್ತು. ದೇವರಲ್ಲ, ಹೂವಲ್ಲ, ಚೇಳಲ್ಲ. ಮೊಣಕೈಯ ಕೆಳಗಿಂದ ಮಣಿಕಟ್ಟಿನವರೆಗೆ ದಪ್ಪ ಹಸಿರು ಅಕ್ಷರದಲ್ಲಿ ‘ಗೊತ್ತುಜ್ಜಿ’ ಎಂದು ಬರೆದಿತ್ತು. ತುಳುವಿನಲ್ಲಿ ಹಾಗೆಂದರೆ ಗೊತ್ತಿಲ್ಲ.

ನಗುವವರು ಈಗಲೇ ನಕ್ಕುಬಿಡಿ. ಊರು ನಕ್ಕು ಇಪ್ಪತ್ತು ವರ್ಷವಾಯಿತು. ಆಮೇಲೆ ಕಥೆ ಕೇಳಿ.

ಐತ ಮುಗೇರರ ಹುಡುಗ. ಪಂಜದಿಂದ ಒಳಗೆ ಹೋದರೆ ಕೊಂಬೊಟ್ಟು ಎಂಬ ಊರು. ಆ ಊರಿನ ದೊಡ್ಡ ಮನೆಗೂ ಅದೇ ಹೆಸರು. ಐತನ ತಾಯಿ ಸೀತು ಆ ಮನೆಯ ಮೂಲದ ಆಳು. ಅಂದರೆ ಹುಟ್ಟಿದ್ದೂ ಆ ಮನೆಯ ಗದ್ದೆಗೆ, ಸಾಯುವುದೂ ಆ ಮನೆಯ ಗದ್ದೆಗೆ. ಒಮ್ಮೆ ಕೊಂಬೊಟ್ಟಿನ ಧಣಿ ಹರಕೆ ಒಪ್ಪಿಸಲು ಸುಬ್ರಹ್ಮಣ್ಯಕ್ಕೆ ಹೊರಟ. ಧಣಿ ಜೀಪಿನಲ್ಲಿ ಹೋದ. ಹರಕೆಯ ಅಕ್ಕಿ ಸೀತುವಿನ ತಲೆಯ ಮೇಲೆ ಹೋಯಿತು. ಅವಳ ಸೊಂಟದಲ್ಲಿ ಐದು ವರ್ಷದ ಐತ ಇದ್ದ.

ಬಸ್ಸು ನಿಲ್ಲುವಲ್ಲಿ ಘಟ್ಟದ ಮೇಲಿನ ಒಬ್ಬ ಹಚ್ಚೆಯವನು ಸೂಜಿ ಹಿಡಿದು ಕೂತಿದ್ದ. ಸೀತುವಿಗೆ ಮೊದಲಿನ ಎರಡು ಮಕ್ಕಳು ನಿಂತಿರಲಿಲ್ಲ. ಹಚ್ಚೆ ಹಾಕಿದ ಮಗು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಅವಳು ಆ ಸೂಜಿಯನ್ನೇ ನೋಡುತ್ತ ನಿಂತಳು. ಹರಕೆ ಮುಗಿಸಿ ಬಂದ ಧಣಿಗೆ ಆ ಹೊತ್ತು ದೊಡ್ಡ ಮನಸ್ಸು ಬಂದಿತ್ತು. “ಹಾಕಿಸು, ಹಾಕಿಸು” ಎಂದು ಒಂದು ಪಾವಲಿ ಎಸೆದು, ತಮಾಷೆ ನೋಡಲು ಅಲ್ಲೇ ನಿಂತ.

ಹಚ್ಚೆಯವನಿಗೆ ತುಳು ಬಾರದು. “ಮಗೀನ ಹೆಸ್ರೇನವ್ವಾ?” ಎಂದು ಕೇಳಿದ. ಸೀತು ಧಣಿಯ ಮುಖ ನೋಡಿದಳು. ಮಗನ ಮುಖ ನೋಡಿದಳು. “ಗೊತ್ತುಜ್ಜಿ” ಎಂದಳು. ಅವನು ಪಾಪ, ಕೇಳಿದ್ದನ್ನು ಕೇಳಿದ ಹಾಗೆಯೇ ಚುಚ್ಚಿದ.

ಧಣಿಗೆ ಓದು ಬರುತ್ತಿತ್ತು. ಓದಿದವನೇ ಜೀಪಿನ ಬಾನೆಟ್ಟು ಹಿಡಿದುಕೊಂಡು ನಕ್ಕ. ಹೆತ್ತವಳಿಗೆ ಮಗನ ಹೆಸರು ಗೊತ್ತಿಲ್ಲವಂತೆ, ಎಂಥ ಪೆದ್ದಿ ಎಂದು ಊರೆಲ್ಲ ಹೇಳಿಕೊಂಡು ಬಂದ. ಶಾಲೆಯಲ್ಲಿ ಮಾಷ್ಟ್ರು ಲೆಕ್ಕ ಕೇಳಿದರೆ ಮಕ್ಕಳೆಲ್ಲ ಒಟ್ಟಿಗೆ “ಅವನ ಕೈ ನೋಡಿ ಮಾಷ್ಟ್ರೇ” ಎಂದು ಕೂಗುತ್ತಿದ್ದರು. ಕೈ ಬೆಳೆದ ಹಾಗೆ ಅಕ್ಷರವೂ ಬೆಳೆಯಿತು. ಹೆತ್ತ ಅಪ್ಪೆ ಪೆದ್ದಿ ಎಂದು ಐತನೂ ನಂಬಿದ್ದ.

ಎಪ್ಪತ್ತೊಂಬತ್ತರಲ್ಲಿ ಐತ ಪೊಲೀಸಾದ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಎತ್ತರ ಇತ್ತು, ಎದೆ ಇತ್ತು, ಮೀಸಲಾತಿ ಇತ್ತು. ನೇಮಕದ ದಿನ ಎದೆ ಅಳೆದವರು ಕೈಯನ್ನೂ ನೋಡಿ, ಗುರುತಿನ ಚಿಹ್ನೆ ಎಂಬಲ್ಲಿ ‘ಬಲಗೈಯಲ್ಲಿ ಹಚ್ಚೆ’ ಎಂದು ಬರೆದುಕೊಂಡರು. ಕಡಬಕ್ಕೂ ಪಂಜಕ್ಕೂ ನಡುವೆ ಕಲ್ಲಜಾಲು ಠಾಣೆಗೆ ಹಾಕಿದರು. ಕೊಂಬೊಟ್ಟು ಅದೇ ಠಾಣೆಗೆ ಸೇರಿದ ಊರು.

ಠಾಣೆಯಲ್ಲಿ ಐತನಿಗೆ ಬೇಕಾದಷ್ಟು ಕೆಲಸ ಇತ್ತು. ಜೀಪು ತೊಳೆಯುವವನು ಐತ. ಎಸ್ಸೈಯ ಸ್ನಾನಕ್ಕೆ ಕಟ್ಟಿಗೆ ಒಡೆಯುವವನು ಐತ. ನೇಣು ಹಾಕಿಕೊಂಡವರ ಹಗ್ಗ ಕೊಯ್ಯುವವನು ಐತ. ಕುಮಾರಧಾರೆಯಲ್ಲಿ ಹೆಣ ತೇಲಿದರೆ ಎದೆಮಟ್ಟದ ನೀರಿಗೆ ಇಳಿಯುವವನೂ ಅವನೇ. ಊದಿದ ಹೆಣದ ಚರ್ಮ ಕೈಯಲ್ಲೇ ಬರುತ್ತದೆ. ಅದಕ್ಕೆ ಕಂಕುಳಿಗೆ ಕೈ ಹಾಕಿ, ಎದೆಗೆ ಒರಗಿಸಿಕೊಂಡು ದಡಕ್ಕೆ ಎಳೆಯಬೇಕು. ಆಗ ಆ ಕೈಯಲ್ಲಿ ಎಂತ ಬರೆದಿದೆ ಎಂದು ಯಾರೂ ಓದಲಿಲ್ಲ. ಎಲ್ಲರೂ ಮೂಗು ಮುಚ್ಚಿ ಆಚೆ ತಿರುಗಿ ನಿಂತಿದ್ದರು. ಠಾಣೆಯ ಕುಡಿಯುವ ನೀರಿನ ಕೊಡಪಾನ ಒಂದನ್ನು ಮಾತ್ರ ಅವನು ಮುಟ್ಟುವ ಹಾಗಿರಲಿಲ್ಲ. ಅದು ಯಾವ ಕಾನೂನು ಎಂದು ಕೇಳಬೇಡಿ. ಕಾನೂನು ಕಾಯುವ ಜಾಗ ಅದು.

ಎಸ್ಸೈ ಒಮ್ಮೆ ಆ ಹಚ್ಚೆ ಓದಿದ್ದ. ಅವನು ಘಟ್ಟದ ಮೇಲಿನವನು, ತುಳು ಬಾರದು. “ಯಾರ್ಲಾ ಇವ್ಳು ಗೊತ್ತುಜ್ಜಿ? ನಿಮ್ಮಜ್ಜಿಯಾ?” ಎಂದು ಕೇಳಿದ.

ಐತ ಒಂದು ಗಳಿಗೆ ಯೋಚಿಸಿದ. “ಹೌದು ಸಾರ್” ಎಂದ.

“ಭೇಷ್. ಅಜ್ಜಿ ಮ್ಯಾಲೆ ಇಷ್ಟು ಪಿರೂತಿ ಮಡಗಿರೋರು ಈಗ ಎಲ್ಲವ್ರೆ!” ಎಂದು ಬೆನ್ನು ತಟ್ಟಲು ಎಸ್ಸೈ ಕೈ ಎತ್ತಿದ. ಜಾತಿ ನೆನಪಾಗಿ ಆ ಕೈಯಿಂದ ತನ್ನ ತಲೆಯನ್ನೇ ಕೆರೆದುಕೊಂಡ. ಹೆಡ್ ಕಾನ್‌ಸ್ಟೇಬಲ್ ವೆಂಕಪ್ಪ ಸುಳ್ಯ ಕಡೆಯ ಗೌಡ, ತುಳು ನೀರು ಕುಡಿದ ಹಾಗೆ ಮಾತಾಡುವವನು. ಅವನು ಬಾಯಿಗೆ ಟವೆಲು ಇಟ್ಟುಕೊಂಡು ಹೊರಗೆ ಓಡಿದ. ಆಮೇಲೆ ಎಸ್ಸೈ ಆಗಾಗ ಅಜ್ಜಿಯ ಆರೋಗ್ಯ ವಿಚಾರಿಸುತ್ತಿದ್ದ. ಚೆನ್ನಾಗಿದ್ದಾಳೆ ಸಾರ್ ಎಂದು ಐತ ಹೇಳುತ್ತಿದ್ದ.

ಹೀಗೆ ಆ ಹಚ್ಚೆ ಯಾರಿಗೂ ಏನೂ ಮಾಡದೆ ಕೈಯಲ್ಲಿ ತೆಪ್ಪಗೆ ಇತ್ತು. ಕೊಡೆಯ ಗಲಾಟೆ ಆಗುವವರೆಗೆ.

ಕೊಂಬೊಟ್ಟಿನಲ್ಲಿ ಕುಂಞಿಪಾತುಮ್ಮ ಎಂಬ ಬ್ಯಾರಿ ಹೆಂಗಸು. ಗಂಡ ಸತ್ತಿದ್ದ, ಬೀಡಿ ಕಟ್ಟಿ ಬದುಕುತ್ತಿದ್ದಳು. ಅವಳ ಗುಡಿಸಲಿನ ಜಾಗ ಹಿಂದೆ ಧಣಿಯದ್ದು. ಭೂಮಿ ಕಾನೂನು ಬಂದ ಮೇಲೆ ಅವಳಿಗೆ ಹಕ್ಕುಪತ್ರ ಸಿಕ್ಕಿತ್ತು. ದೊಡ್ಡ ಧಣಿ ಅದೇ ಬೇಗುದಿಯಲ್ಲಿ ಸತ್ತ. ಅವನ ಮಗ ಸರ್ವೋತ್ತಮನಿಗೆ ಆ ಗುಡಿಸಲು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಾಯಿತು. ಸರ್ವೋತ್ತಮನಿಗೂ ಐತನಿಗೂ ಒಂದೇ ಪ್ರಾಯ.

ಎಂಬತ್ತೊಂದರ ಬೇಸಗೆ. ಐತ ಸಮನ್ಸು ಹಿಡಿದುಕೊಂಡು ಆ ದಾರಿಯಲ್ಲಿ ನಡೆದು ಬರುತ್ತಿದ್ದ. ಸರ್ವೋತ್ತಮ ಆಳುಗಳಿಂದ ಗುಡಿಸಲಿನ ಮಾಡಿನ ಹುಲ್ಲು ಕೀಳಿಸುತ್ತಿದ್ದ. ಕುಂಞಿಪಾತುಮ್ಮ ಅಡ್ಡ ಬಂದು ಕೈ ಚಾಚಿದಳು. ಸರ್ವೋತ್ತಮನ ಕೈಯಲ್ಲಿ ಬೆತ್ತದ ಹಿಡಿಯ ಕೊಡೆ ಇತ್ತು. ಅದನ್ನು ತಿರುಗಿಸಿ ಹಿಡಿದು ಬೀಸಿದ. ಅವಳ ಮಣಿಕಟ್ಟು ಲಟಕ್ಕೆಂದದ್ದು ಐತನಿಗೆ ದಾರಿಯವರೆಗೆ ಕೇಳಿಸಿತು. ಅವನು ಓಡಿ ಬಂದು ಕೊಡೆ ಕಿತ್ತುಕೊಂಡ. ಕೊಂಬೊಟ್ಟಿನ ಧಣಿಯ ಕೈಯಿಂದ ಮುಗೇರನೊಬ್ಬ ಏನನ್ನಾದರೂ ಕಿತ್ತುಕೊಂಡದ್ದು ಆಳುಗಳು ಅಂದೇ ನೋಡಿದ್ದು. ಮಾಡಿನ ಮೇಲಿದ್ದವನು ದಿಗಿಲಿನಿಂದ ಜಾರಿ ಬಿದ್ದ.

ಬೀಡಿ ಯೂನಿಯನಿನವರು ಬಂದು ಠಾಣೆಯ ಎದುರು ಕೂತದ್ದರಿಂದ ಎಸ್ಸೈ ಕೇಸು ಬರೆಯಲೇಬೇಕಾಯಿತು. ಕುಂಞಿಪಾತುಮ್ಮನನ್ನು ಊರಿನ ಒಬ್ಬ ಡಾಕ್ಟರನ ಬಳಿಗೆ ಕಳಿಸಿದರು. ಆ ಡಾಕ್ಟರು ಕೊಂಬೊಟ್ಟಿನ ಮನೆಯಲ್ಲಿ ಇಸ್ಪೀಟು ಆಡುವವನು. ಮಣಿಕಟ್ಟು ನೋಡಿ ‘ಸ್ವಲ್ಪ ಊತ’ ಎಂದು ಬರೆದ. ಆ ಊತ ಸೊಟ್ಟಗೆ ಕೂಡಿಕೊಂಡಿತು. ಬೀಡಿ ಕಟ್ಟುವ ಕೈ ಕೊಕ್ಕೆಯ ಹಾಗೆ ನಿಂತಿತು. ಕಂಡ ಸಾಕ್ಷಿ ಎಂದು ಉಳಿದದ್ದು ಐತ ಒಬ್ಬನೇ. ಆಳುಗಳು ಯಾರೂ ಏನೂ ಕಂಡಿರಲಿಲ್ಲ. ಮಾಡಿನಿಂದ ಬಿದ್ದವನಂತೂ ತಾನು ಬಿದ್ದದ್ದನ್ನೇ ಕಂಡಿರಲಿಲ್ಲ.

ವರ್ಷ ಕಳೆದು ವಿಚಾರಣೆ ಹತ್ತಿರ ಬಂತು. ಸರ್ವೋತ್ತಮ ಠಾಣೆಗೆ ಬಂದ. ಆರೋಪಿ ಬಂದರೆ ಕುರ್ಚಿ ಹಾಕಬೇಕಲ್ಲ, ಹಾಕಿದರು. ಒರೆಸಿ ಹಾಕಿದವನು ಐತನೇ. ಎಸ್ಸೈ ಚಾ ತರಿಸಿದ. ಮಾತಿಗೆ ಮಾತು ಬಂದು, “ನಿಮ್ಮೂರ ಹುಡುಗ ಸಾರ್ ಇವ್ನು. ಅಜ್ಜಿ ಹೆಸ್ರು ಹಚ್ಚೆ ಹಾಕಿಸ್ಕೊಂಡವ್ನೆ ನೋಡಿ” ಎಂದ.

“ಯಾವ ಅಜ್ಜಿ?”

“ಅದೇ, ಗೊತ್ತುಜ್ಜಿ.”

ಸರ್ವೋತ್ತಮನ ಮೂಗಿನಿಂದ ಚಾ ಬಂತು. ನಕ್ಕು, ಕೆಮ್ಮಿ, ಮತ್ತೆ ನಕ್ಕು, ಕೊನೆಗೆ ಅರ್ಥ ಹೇಳಿದ. ಐತನ ತಾಯಿಯ ಕಥೆಯನ್ನೂ ಹೇಳಿದ. ಎಸ್ಸೈಯ ಮುಖ ಕಪ್ಪಿಟ್ಟಿತು. ಹೊರಗೆ ವೆಂಕಪ್ಪ ಗೋಡೆಗೆ ಮುಖ ಒತ್ತಿಕೊಂಡು ಕುಲುಕುತ್ತಿದ್ದ.

“ಮೂರು ವರ್ಷ!” ಎಂದು ಎಸ್ಸೈ ಕಿರುಚಿದ. “ಮೂರು ವರ್ಷ ನಾನು ಇಲ್ಲದ ಮುದುಕಿ ಆರೋಗ್ಯ ವಿಚಾರಿಸ್ಕೊಂಡು ಬಂದೆನಲ್ಲೋ!”

ಸರ್ವೋತ್ತಮ ಚಾ ಒರೆಸಿಕೊಂಡು ಮೆಲ್ಲನೆ ಹೇಳಿದ, “ಇದು ತಮಾಷೆ ಅಲ್ಲ ಮಾರಾಯ್ರೆ. ಪೊಲೀಸಿನವನ ಕೈಯಲ್ಲಿ ಗೊತ್ತಿಲ್ಲ ಅಂತ ಬರ್ದದ್ದು ಜನ ನೋಡಿದ್ರೆ ಇಲಾಖೆಯ ಮರ್ಯಾದಿ ಎಂತ ಆಗುದು? ಕಾಣುವ ಹಾಗೆ ಹಚ್ಚೆ ಇರ್ಬಹುದಾ ಪೊಲೀಸಿಗೆ? ನೀವೇ ಯೋಚನೆ ಮಾಡಿ.”

ಮಾರನೇ ದಿನ ಬೆಳಿಗ್ಗೆ ಎಸ್ಸೈ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಪೊಲೀಸಿನವನ ಮೈಮೇಲೆ ಕಾಣುವ ಹಾಗೆ ಹಚ್ಚೆ ಇರಬಾರದು ಎಂದು ಹೊಸ ಕಾನೂನು ಹೇಳಿದ. ವೆಂಕಪ್ಪ ಗಡಬಡಿಸಿ ಕೈಕಟ್ಟಿಕೊಂಡ. ಅವನ ಮುಂಗೈಯಲ್ಲಿ ಗದೆ ಹೊತ್ತ ಹನುಮಂತ ಇದ್ದ, ಬಾಲ ಮೊಣಕೈ ಸುತ್ತಿ ಹೋಗಿತ್ತು.

“ಸಾರ್, ವೆಂಕಪ್ಪಣ್ಣನ ಕೈಯಲ್ಲಿ?” ಎಂದ ಐತ.

“ಅದು ಹಚ್ಚೆ ಅಲ್ಲ. ಭಕ್ತಿ.”

“ನಿಮ್ಮ ಕೈಯಲ್ಲಿ ಸಾರ್?”

ಎಸ್ಸೈಯ ಎಡಗೈಯಲ್ಲಿ, ವಾಚಿನ ಪಟ್ಟಿಯ ಅಡಿಯಲ್ಲಿ, ಮೋಹಿನಿ ಎಂದು ಬರೆದಿತ್ತು. ಅವನ ಹೆಂಡತಿಯ ಹೆಸರು ಬೇರೆ. ಹೆಂಡತಿ ಊರಿನಿಂದ ಬಂದಿದ್ದಾಗ ಅವನು ವಾಚು ಕಟ್ಟಿಕೊಂಡೇ ಸ್ನಾನ ಮಾಡುತ್ತಿದ್ದ. ಬಿಸಿನೀರು ಕಾಯಿಸುವ ಐತನಿಗೆ ಅದು ಗೊತ್ತಿತ್ತು.

“ಅದು ಕಾಣಲ್ಲ!”

“ವಾಚು ಬಿಚ್ಚಿದ್ರೆ ಕಾಣ್ತದೆ ಸಾರ್.”

“ಬಿಚ್ಚಲ್ಲ!” ಎಂದು ಎಸ್ಸೈ ವಾಚನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಐತನಿಗೆ ದಾರಿ ಹೇಳಿದ. ದಾರಿ ಸುಲಭವೇ ಇತ್ತು. ಕೈಯಲ್ಲಿ ಬರೆದದ್ದನ್ನು ಪುತ್ತೂರಿನ ಕೋರ್ಟಿನಲ್ಲಿ ಬಾಯಲ್ಲಿ ಹೇಳುವುದು. ಕೊಡೆ ಬೀಸಿದ್ದು ಯಾರು? ಗೊತ್ತಿಲ್ಲ. ಕೈ ಮುರಿದದ್ದು ಹೇಗೆ? ಗೊತ್ತಿಲ್ಲ. ಅಷ್ಟು ಹೇಳಿದರೆ ಹಚ್ಚೆ ಕೈಯಲ್ಲಿ ಇರಬಹುದು. ಕೆಲಸ ಕಾಯಂ ಆಗುತ್ತದೆ. ಹೇಳದಿದ್ದರೆ ಹಚ್ಚೆ ಹೋಗಬೇಕು, ಇಲ್ಲವೇ ಐತ ಹೋಗಬೇಕು.

ನಿಜ ಹೇಳಬೇಕೆಂದರೆ ಆ ಠಾಣೆಯ ನಿತ್ಯದ ಮಂತ್ರವೇ ಅದು. ಕಳವಾದ ಅಡಿಕೆ ಎಲ್ಲಿ? ಗೊತ್ತಿಲ್ಲ. ಲಾಕಪ್ಪಿನಲ್ಲಿ ಹೊಡೆದದ್ದು ಯಾರು? ಗೊತ್ತಿಲ್ಲ. ಎಸ್ಸೈ ಕನ್ನಡದಲ್ಲಿ ಗೊತ್ತಿಲ್ಲ ಎನ್ನುತ್ತಿದ್ದ, ವೆಂಕಪ್ಪ ಅರೆಭಾಷೆಯಲ್ಲಿ ಗೊತ್ತಿಲ್ಲೆ ಎನ್ನುತ್ತಿದ್ದ, ಕಾಸರಗೋಡು ಕಡೆಯ ಒಬ್ಬ ಡ್ರೈವರು ಮಲಯಾಳದಲ್ಲಿ ಹೇಳುತ್ತಿದ್ದ. ಬಾಯಲ್ಲಿ ಇಟ್ಟುಕೊಂಡವರಿಗೆ ಬಡ್ತಿ ಸಿಗುತ್ತಿತ್ತು. ಕೈಯಲ್ಲಿ ಇದ್ದವನಿಗೆ ಮಾತ್ರ ಶಿಸ್ತು ಕ್ರಮ.

ಐತ ಕಂಡದ್ದನ್ನು ಕಂಡ ಹಾಗೆ ಹೇಳ್ತೇನೆ ಎಂದ. ಹಾಗಾದರೆ ಹಚ್ಚೆ ಹೋಗಲಿ ಎಂದ ಎಸ್ಸೈ.

ಹೇಗೆ ಹೋಗಬೇಕು? ವೆಂಕಪ್ಪ ಉಪಾಯ ಹೇಳಿದ. ಗೇರುಬೀಜದ ಸೊನೆ. ಹಸಿ ಬೀಜದ ಸಿಪ್ಪೆಯ ಎಣ್ಣೆ ಅದು, ತಾಗಿದಲ್ಲಿ ಚರ್ಮ ಸುಟ್ಟು ಸುಲಿದು ಬರುತ್ತದೆ. ವೆಂಕಪ್ಪ ಒಂದು ಸೀಸೆ ತುಂಬ ತಂದ. ಠಾಣೆಯ ಹಿಂದೆ ಕಟ್ಟಿಗೆ ಒಡೆಯುವ ಕುತ್ತಿಯ ಮೇಲೆ ಐತನನ್ನು ಕೂರಿಸಿದರು. ಕೋಳಿಯ ಗರಿಯನ್ನು ಸೀಸೆಗೆ ಅದ್ದಿ ವೆಂಕಪ್ಪ ಹತ್ತಿರ ಬಂದ. ಕಪ್ಪು ಎಣ್ಣೆ ಒಂದು ಹನಿ ಕುತ್ತಿಯ ಮೇಲೆ ಬಿತ್ತು. ಐತ ಸಣ್ಣವನಿದ್ದಾಗ ಕೊಂಬೊಟ್ಟಿನ ಗೇರುಬೀಜ ಸುಲಿಯುತ್ತಿದ್ದ ಅವನ ಅಪ್ಪೆಯ ಬೆರಳುಗಳಿಗೆ ಚರ್ಮ ನಿಲ್ಲುತ್ತಿರಲಿಲ್ಲ. ರಾತ್ರಿ ಅನ್ನ ಕಲಸುವಾಗ ಅವಳು ಹಲ್ಲು ಕಚ್ಚುತ್ತಿದ್ದಳು. ಅದೆಲ್ಲ ಒಮ್ಮೆಗೇ ಅವನ ಕಣ್ಣಿಗೆ ಬಂತು.

ಐತ ಎದ್ದು ನಿಂತ. “ಮೊದಲು ಹನುಮಂತ” ಎಂದ.

“ಎಂತದು?” ಎಂದ ವೆಂಕಪ್ಪ.

“ನಿಮ್ಮ ಹನುಮಂತನನ್ನು ಮೊದಲು ಸುಡಿ. ಮತ್ತೆ ಎಸ್ಸೈಯವರ ಮೋಹಿನಿ. ಮತ್ತೆ ನನ್ನದು.”

ವೆಂಕಪ್ಪ ಗರಿ ಬಿಟ್ಟುಬಿಟ್ಟ. “ಹನುಮಂತನನ್ನು ಸುಡುದಾ! ಮಾರಾಯಾ, ಲಂಕೆಯ ಕಥೆ ಗೊತ್ತುಂಟಲ್ಲ ನಿಂಗೆ?”

“ಸಾರ್, ಇನ್ನೊಂದು ಉಂಟು” ಎಂದು ಐತ ಎಸ್ಸೈ ಕಡೆ ತಿರುಗಿದ. “ನೇಮಕ ಮಾಡುವಾಗ ನನ್ನ ಗುರುತು ಇದೇ ಅಂತ ಬರ್ಕೊಂಡಿದ್ದಾರೆ. ಇದನ್ನು ಸುಟ್ರೆ ಮತ್ತೆ ನಾನು ಯಾರು?”

“ಗೊತ್ತಿಲ್ಲ!” ಎಂದು ಎಸ್ಸೈ ಅಬ್ಬರಿಸಿದ. ಹೇಳಿದ ಮೇಲೆ ಏನು ಹೇಳಿದೆ ಎಂದು ಅವನಿಗೇ ಹೊಳೆದು ಬಾಯಿ ಮುಚ್ಚಿದ. ಐತ ವೆಂಕಪ್ಪನ ಕೈಯಿಂದ ಸೀಸೆ ತೆಗೆದುಕೊಂಡು ಮಣ್ಣಿಗೆ ಸುರಿದ. ಅಲ್ಲಿದ್ದ ಹುಲ್ಲು ಸುರುಟಿಕೊಂಡಿತು. ಯಾರೂ ಹತ್ತಿರ ಬರಲಿಲ್ಲ.

ಆದರೆ ಮಂಗಳೂರಿನಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಸುಡಲಾಗದಿದ್ದರೆ ಮುಚ್ಚಬೇಕು. ಎಸ್ಸೈ ಐತನನ್ನು ಜೀಪಿನಲ್ಲಿ ಕೂರಿಸಿ ಅದೇ ಇಸ್ಪೀಟಿನ ಡಾಕ್ಟರನ ಬಳಿಗೆ ಕರೆದುಕೊಂಡು ಹೋದ. ಡಾಕ್ಟರು ನೆಟ್ಟಗಿದ್ದ ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಎರಡು ಕಡೆ ಮೂಳೆ ಮುರಿದಿದೆ ಎಂದು ಬರೆದ. ಮೊಣಕೈಯಿಂದ ಬೆರಳಿನ ಬುಡದವರೆಗೆ ಬಿಳಿ ಪ್ಲಾಸ್ಟರು ಹಾಕಿದ. ಐತ ಸುಡಿಸಿಕೊಳ್ಳಲಿಲ್ಲ, ಕಟ್ಟಿಸಿಕೊಂಡ. ಕೆಲಸ ಬೇಕಿತ್ತು ಅವನಿಗೆ. ಕೆಲಸ ಹೋದರೆ ಅಪ್ಪೆ ಮತ್ತೆ ಕೊಂಬೊಟ್ಟಿನ ಗೊಬ್ಬರ ಹೊರಬೇಕು.

“ಕೋರ್ಟಲ್ಲಿ ಗೊತ್ತಿಲ್ಲ ಅಂದ್ಬಿಟ್ಟು ಬಾ. ಅವತ್ತೇ ಬಿಚ್ಚಿಸ್ತೀನಿ” ಎಂದ ಎಸ್ಸೈ.

ದೊಡ್ಡ ಸಾಹೇಬರು ಬಂದರು. ಪ್ಲಾಸ್ಟರು ನೋಡಿ ಹೇಗಾಯಿತು ಎಂದು ಕೇಳಿದರು. ಕಳ್ಳನನ್ನು ಹಿಡಿಯುವಾಗ ಸಾರ್ ಎಂದ ಎಸ್ಸೈ. ಯಾವ ಕಳ್ಳ ಎಂದು ಸಾಹೇಬರು ಕೇಳಲಿಲ್ಲ. ಇಂಥವರು ಇಲಾಖೆಗೆ ಬೇಕು ಎಂದು ಐತನ ಎಡಗೈ ಕುಲುಕಿ, ಎಲ್ಲರಿಂದ ಚಪ್ಪಾಳೆ ಹೊಡೆಸಿ ಹೋದರು. ಚಪ್ಪಾಳೆ ಮುಗಿದ ಮೇಲೆ ಐತ ಒಂದೇ ಕೈಯಿಂದ ಅವರ ಜೀಪಿನ ಧೂಳು ತೊಳೆದ.

ಪ್ಲಾಸ್ಟರಿನ ಒಳಗೆ ಬೇಸಗೆಯ ಬೆವರು ಇಳಿಯುತ್ತಿತ್ತು. ಕೈ ತುರಿಸುತ್ತಿತ್ತು, ನಾರುತ್ತಿತ್ತು. ತೆಂಗಿನಕಡ್ಡಿ ತೂರಿಸಿ ಕೆರೆದುಕೊಳ್ಳುತ್ತ ಅವನು ಠಾಣೆಯ ಜಗಲಿಯಲ್ಲಿ ಕೂತಿದ್ದಾಗ ಕುಂಞಿಪಾತುಮ್ಮ ಬಂದಳು. ಕೋರ್ಟಿನ ತಾರೀಕು ಕೇಳಲು ಬಂದಿದ್ದಳು. ಕೊಕ್ಕೆಯಾದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

“ನಿನಗೆ ಎಂತ ಆಯ್ತು ಮೋನೆ? ಯಾರು ಹೊಡೆದದ್ದು?”

“ಯಾರೂ ಹೊಡೀಲಿಲ್ಲ ಕುಂಞಿಪಾತುಮ್ಮ. ಮುರೀಲಿಲ್ಲ.”

“ಮುರೀದ ಕೈಗೆ ಇಷ್ಟು ದೊಡ್ಡ ಕಟ್ಟಾ?” ಅವಳು ತನ್ನ ಕೈಯನ್ನು ಹೊರಗೆ ತೆಗೆದು ಅವನ ಪ್ಲಾಸ್ಟರಿನ ಪಕ್ಕ ಇಟ್ಟಳು. “ಯಾ ಅಲ್ಲಾ, ಇದು ಎಂತ ಡಾಕ್ಟರ್ ಮಾರಾಯಾ!”

ಇಬ್ಬರೂ ಒಮ್ಮೆ ನಕ್ಕರು. ನಗುತ್ತ ನಗುತ್ತ ಅವಳಿಗೆ ಅಳು ಬಂತು. ಬಲಗೈಯಿಂದ ಕಣ್ಣು ಒರೆಸಲು ಹೋದಳು, ಆ ಕೈ ಕಣ್ಣಿನವರೆಗೆ ತಿರುಗಲಿಲ್ಲ. ಎಡಗೈಯಿಂದ ಒರೆಸಿಕೊಂಡಳು. ಐತ ಆ ಕಡೆ ನೋಡಲಾರದೆ ನೆಲ ನೋಡಿದ.

ವಿಚಾರಣೆಯ ಹಿಂದಿನ ದಿನ ಆದಿತ್ಯವಾರ. ಮಧ್ಯಾಹ್ನ ಐತ ಮನೆಗೆ ಹೋದ. ಸೀತು ಅಂಗಳದಲ್ಲಿ ಕತ್ತಿ ಹಿಡಿದು ತೆಂಗಿನ ಮಡಲು ಸೀಳುತ್ತಿದ್ದಳು. ಅವನ ಮನಸ್ಸಿನಲ್ಲಿ ಸಂಕಟ ಇತ್ತು. ಅದು ಸಿಟ್ಟಾಗಿ ಬಾಯಿಗೆ ಬಂತು.

“ನಾಳೆ ಗೊತ್ತುಜ್ಜಿ ಅಂತಲೇ ಹೇಳಿ ಬರ್ತೇನೆ. ನೀನು ಕಲಿಸಿದ್ದು ಅದನ್ನೇ ಅಲ್ವಾ! ಹೆತ್ತ ಮಗನ ಹೆಸರು ಕೇಳಿದ್ರೆ ಗೊತ್ತುಜ್ಜಿ ಅಂದವಳು ನೀನು.”

ಸೀತು ಕತ್ತಿ ನೆಲಕ್ಕೆ ಹಾಕಿದಳು. ಎದ್ದು ಬಂದು ಅವನ ಕೆನ್ನೆಗೆ ಒಂದು ಬಾರಿಸಿದಳು. ಯೂನಿಫಾರಮ್ಮು ಹಾಕಿದ ಮೇಲೆ ಅವನಿಗೆ ಬಿದ್ದ ಮೊದಲ ಪೆಟ್ಟು ಅದು.

“ನನಗೆ ನಿನ್ನ ಹೆಸರು ಗೊತ್ತಿರಲಿಲ್ಲ ಅಂತ ಮಾಡಿದ್ದೀಯಾ? ಪೆದ್ದಾ! ನೀನು ಹುಟ್ಟಿದ ತಿಂಗಳೇ ದೊಡ್ಡ ಮನೆಯಲ್ಲಿಯೂ ಒಂದು ಗಂಡು ಹುಟ್ಟಿತು. ಹೆಸರಿಡುವ ದಿನ ನಾನು ಅಂಗಳದ ಆಚೆ ಗೊಬ್ಬರ ಹೊರ್ತಾ ಇದ್ದೆ. ಭಟ್ರು ದೊಡ್ಡ ಸ್ವರದಲ್ಲಿ ಹೆಸರು ಹೇಳಿದ್ರು. ಎಲ್ಲರಿಗಿಂತ ಒಳ್ಳೆಯವ ಅಂತ ಅದರ ಅರ್ಥ ಅಂದ್ರು. ಚಂದ ಕಂಡಿತು ನನಗೆ. ಮನೆಗೆ ಬಂದು ನಿನ್ನ ಕಿವಿಯಲ್ಲಿಯೂ ಅದನ್ನೇ ಹೇಳಿದೆ. ಕಿವಿಯಲ್ಲಿ ಮಾತ್ರ. ಮತ್ತೆ ಧಣಿ ಕೇಳಿದ, ಯಾವ ವಾರ ಹುಟ್ಟಿದ್ದು? ಐತಾರ ಅಂದೆ. ಹಾಗಾದ್ರೆ ಐತ ಅಂತ ಕರಿ ಅಂದ. ನಾಯಿಮರಿಗೆ ಹೆಸರಿಟ್ಟ ಹಾಗೆ.”

ಅವಳಿಗೆ ಉಸಿರು ಹತ್ತಿತ್ತು.

“ಹಚ್ಚೆಯವನು ಕೇಳುವಾಗ ಧಣಿ ಎದುರಿಗೇ ನಿಂತಿದ್ದ. ನಾನಿಟ್ಟ ಹೆಸರು ಹೇಳಿದ್ರೆ ನನ್ನ ಬೆನ್ನಿನ ಚರ್ಮ ಹೋಗ್ತಿತ್ತು. ಐತ ಅಂದ್ರೆ ಅವ ಕೊಟ್ಟದ್ದು ನೀನು ಸಾಯುವವರೆಗೆ ನಿನ್ನ ಮೈಯಲ್ಲಿ ಕೂತ್ಕೊಳ್ತಿತ್ತು. ಅದು ನನಗೆ ಬೇಡ ಇತ್ತು. ಅದಕ್ಕೆ ಗೊತ್ತುಜ್ಜಿ ಅಂದೆ. ಗೊತ್ತಿದ್ದೇ ಅಂದದ್ದು ಮಗಾ.”

ಆಮೇಲೆ ಹತ್ತಿರ ಬಂದು, ಇಪ್ಪತ್ತಾರು ವರ್ಷದ ಹಿಂದಿನ ಹಾಗೆ, ಅವನ ಕಿವಿಯಲ್ಲಿ ಆ ಹೆಸರು ಹೇಳಿದಳು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಕಿವಿಯಲ್ಲೇ ಹೇಳಿದಳು.

ಐತ ಹೊಸ್ತಿಲಿನ ಕಲ್ಲಿನ ಮೇಲೆ ಪ್ಲಾಸ್ಟರಿನ ಕೈ ಇಟ್ಟ. “ಒಡಿ ಅಪ್ಪೆ” ಎಂದ. ಸೀತು ಕತ್ತಿಯ ಬೆನ್ನಿನಿಂದ ಹೊಡೆದಳು. ತೆಂಗಿನಕಾಯಿ ಒಡೆಯುವವಳ ಕೈ ಅದು, ಒಂದು ಪೆಟ್ಟೂ ಮಾಂಸಕ್ಕೆ ತಾಗಲಿಲ್ಲ. ಸುಣ್ಣದ ಚೂರು ಅಂಗಳ ತುಂಬ ಹಾರಿತು. ಕೈಯ ಚರ್ಮ ಬಿಳಿಚಿ ನೆನೆದುಹೋಗಿತ್ತು. ಅದರ ಮೇಲೆ ಹಸಿರು ಅಕ್ಷರ ನಿನ್ನೆ ಮೊನ್ನೆ ಚುಚ್ಚಿದ ಹಾಗೆ ಕಂಡಿತು.

ಪುತ್ತೂರಿನ ಕೋರ್ಟು. ಸರ್ವೋತ್ತಮನಿಗೆ ಕಟಕಟೆಯೊಳಗೆ ಕುರ್ಚಿ ಸಿಕ್ಕಿತ್ತು. ಸೊಂಟ ನೋವು, ನಿಲ್ಲಲಾಗದು ಎಂದು ಬರೆದುಕೊಟ್ಟವನು ಅದೇ ಡಾಕ್ಟರು. ಕುಂಞಿಪಾತುಮ್ಮ ಬಾಗಿಲ ಹತ್ತಿರ ನೆಲದಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಸೀತು. ಅರ್ಧ ತೋಳಿನ ಖಾಕಿ ಅಂಗಿ ಹಾಕಿ, ಬರೀ ಕೈಯಲ್ಲಿ ಐತ ಒಳಗೆ ಬಂದದ್ದು ನೋಡಿ ಎಸ್ಸೈ ಹಿಂದಿನ ಬೆಂಚಿನಲ್ಲಿ ಅರ್ಧ ಎದ್ದು ಮತ್ತೆ ಕೂತ. ಮೊದಲು ವೆಂಕಪ್ಪ ಸಾಕ್ಷಿ ಹೇಳಿದ. ಗೊತ್ತಿಲ್ಲ ಸ್ವಾಮಿ, ಗೊತ್ತಿಲ್ಲ ಸ್ವಾಮಿ ಎಂದು ಹೇಳಿ, ಕೈ ಮುಗಿದು ಇಳಿದ. ಮುಗಿದ ಕೈಯಲ್ಲಿ ಹನುಮಂತನೂ ಇದ್ದ, ಯಾರೂ ಆಕ್ಷೇಪ ಮಾಡಲಿಲ್ಲ.

ಐತನ ಸರದಿ ಬಂತು. ಸರ್ವೋತ್ತಮನ ವಕೀಲ ಉದಯಶಂಕರ ದೊಡ್ಡ ಮಾತುಗಾರ. ಐತ ಬಾಯಿ ತೆರೆದು ಕೊಡೆಯ ವಿಷಯ ತೆಗೆಯುವ ಮೊದಲೇ ಅವನ ಬಲಗೈ ಕಡೆ ಬೆರಳು ತೋರಿಸಿದ.

“ಆ ಕೈಯಲ್ಲಿ ಎಂತ ಬರೆದಿದೆ? ಗಟ್ಟಿಯಾಗಿ ಓದಿ.”

“ಗೊತ್ತುಜ್ಜಿ.”

“ಹಾಗಂದ್ರೆ?”

“ಗೊತ್ತಿಲ್ಲ.”

“ನಿಮಗೆ ಅರ್ಥ ಗೊತ್ತಿಲ್ವಾ?”

“ಗೊತ್ತುಂಟು. ಗೊತ್ತಿಲ್ಲ ಅಂತ ಅರ್ಥ.”

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ವಕೀಲರೇ, ಇದರಿಂದ ಎಂತ ಆಗಬೇಕು?” ಎಂದು ಕೇಳಿದರು.

“ಸ್ವಾಮೀ, ಸಾಕ್ಷಿ ಹೇಳಲು ಬಂದವನ ಮೈಯೇ ಗೊತ್ತಿಲ್ಲ ಅಂತ ಹೇಳ್ತಾ ಉಂಟು. ಚರ್ಮದಲ್ಲಿ ಬರೆದದ್ದು, ಅಳಿಸಲಿಕ್ಕೆ ಆಗುದಿಲ್ಲ. ಇವನ ಬಾಯಿಯ ಮಾತನ್ನು ಕೋರ್ಟು ಹೇಗೆ ನಂಬುದು? ಇವನನ್ನು ಹೆತ್ತವಳಿಗೇ ಇವನ ಹೆಸರು ಗೊತ್ತಿರಲಿಲ್ಲ. ಇಂಥವನಿಗೆ ಯಾರ ಕೊಡೆ, ಯಾರ ಕೈ ಎಂತ ಗೊತ್ತಿದ್ದೀತು!”

ಮತ್ತೆ ನಗು. ಸರ್ವೋತ್ತಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. ಅವನಪ್ಪ ಜೀಪು ಹಿಡಿದುಕೊಂಡು ನಕ್ಕ ನಗೆಯೇ ಅದು. ಐತ ಬಾಗಿಲ ಕಡೆ ನೋಡಿದ. ಸೀತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವನಿಗೆ ಕನ್ನಡ ಮರೆತುಹೋಯಿತು. ಕೈ ಎತ್ತಿ ಹಿಡಿದು ತುಳುವಿನಲ್ಲೇ ಹೇಳಿದ.

“ಕೈಕ್ ಗೊತ್ತುಜ್ಜಿ ಸ್ವಾಮೀ. ಎಂಕ್ ಗೊತ್ತುಂಡು.”

ಕೈಗೆ ಗೊತ್ತಿಲ್ಲ, ನನಗೆ ಗೊತ್ತುಂಟು. ನಗು ನಿಂತಿತು. ಹಿಂದಿನ ಬೆಂಚಿನಿಂದ ಎಸ್ಸೈ ಎದ್ದು ಬಾಗಿಲು ದಾಟಿ ಹೋದ. ಕೆಲಸ ಹೋಯಿತು ಎಂದು ಐತನಿಗೆ ಅಲ್ಲೇ ಅಂದಾಜಾಯಿತು. ಎತ್ತಿದ ಕೈ ಮಾತ್ರ ಇಳಿಸಲಿಲ್ಲ.

ಉದಯಶಂಕರ ಸೋಲುವವನಲ್ಲ. “ಓಹೋ, ಎಂತ ಗೊತ್ತುಂಟು ನಿನಗೆ?” ಎಂದು ಏಕವಚನಕ್ಕೆ ಇಳಿದ.

“ಸುರುವಿಗೆ ನನ್ನ ಹೆಸರು ಗೊತ್ತುಂಟು” ಎಂದ ಐತ. “ಐತ ಅಲ್ಲ. ಅದು ಧಣಿ ಇಟ್ಟದ್ದು. ನನ್ನ ಅಪ್ಪೆ ಇಟ್ಟ ಹೆಸರು ಬೇರೆ ಉಂಟು.”

ನ್ಯಾಯಾಧೀಶರು ಪೆನ್ನು ಎತ್ತಿಕೊಂಡರು. “ಯಾವ ಹೆಸರು? ಗಟ್ಟಿಯಾಗಿ ಹೇಳಿ.”

ಐತ ಎದೆ ತುಂಬ ಉಸಿರು ಎಳೆದುಕೊಂಡ. ಠಾಣೆಯ ಅಂಗಳದಲ್ಲಿ ಹಾಜರಿ ಕೂಗುವ ದನಿಯಲ್ಲಿ ಕೂಗಿದ.

“ಸರ್ವೋತ್ತಮ!”

ಕಟಕಟೆಯಲ್ಲಿ ಒರಗಿ ಕೂತಿದ್ದ ಧಣಿ ತನ್ನನ್ನೇ ಕರೆದರೆಂದು ದಡಕ್ಕನೆ ಎದ್ದು ನಿಂತ. ಕೈ ಮುಗಿದು, “ಎಂತ ಸ್ವಾಮೀ?” ಎಂದ. ಸೊಂಟ ನೋವು ಅವನಿಗೆ ನೆನಪಾಗಲಿಲ್ಲ. ಕೊಂಬೊಟ್ಟಿನ ಮನೆಯವರು ಸೀತುವಿನ ಮಗನ ಎದುರು ಎದ್ದು ನಿಂತದ್ದು ಅದೇ ಮೊದಲು.

“ನಿಮ್ಮನ್ನಲ್ಲ” ಎಂದರು ನ್ಯಾಯಾಧೀಶರು.

ಆ ಸರ್ವೋತ್ತಮ ಕುರ್ಚಿ ಎಲ್ಲಿ ಎಂದು ಹಿಂದೆ ತಡಕಾಡುತ್ತಿದ್ದ. ಅವನು ಕೂರುವುದನ್ನು ಕಾಯದೆ, ಹಚ್ಚೆಯ ಕೈಯನ್ನು ಸಾಕ್ಷಿಯ ಕಟಕಟೆಯ ಮೇಲೆ ಊರಿ, ಈ ಸರ್ವೋತ್ತಮ ಕೊಡೆಯ ಕಥೆ ಸುರು ಮಾಡಿದ.